ಆವೃತ್ತಿ ನಿಯಂತ್ರಣದ ಕ್ಯಾಶ್ ಡೀಮನ್

ಗಿಟ್, ಮರ್ಕ್ಯುರಿಯಲ್ ಮುಂತಾದ ಆವೃತ್ತಿ ನಿಯಂತ್ರಣ ತಂತ್ರಾಂಶಗಳು ಪ್ರತಿ ಸಲವೂ ಮೊದಲಿನಿಂದ ಹುಡುಕಬೇಕಾದ ಮಾಹಿತಿಯನ್ನು ಮುಂಚೆಯೇ ಕಲೆಹಾಕಿ, ಕೇಳಿದೊಡನೆ ಒದಗಿಸಲೆಂದು ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಪ್ರೋಗ್ರಾಮು. ಯುನಿಕ್ಸ್ ಪರಂಪರೆಯಲ್ಲಿ ಹೀಗೆ ಬಳಕೆದಾರನ ಕಣ್ಣಿಗೆ ಬೀಳದೆ ಓಡುವ ಪ್ರೋಗ್ರಾಮುಗಳನ್ನು ಡೀಮನ್ ಎನ್ನುತ್ತಾರೆ. ಗಿಟ್‌ನ ‘ಎಫ್‌ಎಸ್‌ಮಾನಿಟರ್’, ಫೇಸ್‌ಬುಕ್‌ನಲ್ಲಿ ಹುಟ್ಟಿದ ‘ವಾಚ್‌ಮನ್’, ಟಾರ್ಟಾಯ್ಸ್‌ಎಸ್‌ವಿಎನ್ ಜೊತೆಗೆ ಬರುವ ‘ಟಿಎಸ್‌ವಿಎನ್‌ಕ್ಯಾಶ್’ ಈ ಬಗೆಯ ಹೆಸರಾಂತ ಉದಾಹರಣೆಗಳು. ಇವುಗಳ ಗುರಿ ವೇಗ. ವಿನ್ಯಾಸದ ಕಷ್ಟವೆಲ್ಲ ಇರುವುದು ನಂಬಿಕೆಯಲ್ಲಿ. ಬದಲಾಗದ ಕಡತವನ್ನು ‘ಬದಲಾಗಿರಬಹುದು’ ಎಂದರೆ ಹೋಗುವುದು ಒಂದಿಷ್ಟು ಸಮಯ ಮಾತ್ರ. ಬದಲಾದ ಕಡತವನ್ನು ‘ಬದಲಾಗಿಲ್ಲ’ ಎಂದು ಒಮ್ಮೆ ಹೇಳಿದರೂ ಪ್ರೋಗ್ರಾಮರ್ ಮಾಡಿದ ಕೆಲಸ ಯಾರಿಗೂ ಗೊತ್ತಾಗದಂತೆ ಕಮಿಟ್‌ನಿಂದ, ಅಂದರೆ ಬದಲಾವಣೆಗಳ ದಾಖಲೆಯಿಂದ, ಹೊರಗುಳಿಯುತ್ತದೆ. ಡೀಮನ್‌ನ ಪ್ರತಿಯೊಂದು ಭಾಗವನ್ನೂ ಈ ಎರಡನೆಯ ತಪ್ಪು ಎಂದೂ ಆಗದಂತೆ ಕಟ್ಟಬೇಕು. ವೇಗದ ಲೆಕ್ಕ ಆಮೇಲೆ ಬರುತ್ತದೆ.

ವಿಳಂಬದ ಮೂಲ

2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ಲಿನ ಅಭಿವೃದ್ಧಿಗಾಗಿ ಗಿಟ್ ಬರೆಯತೊಡಗಿದರು. ಅದರಲ್ಲಿ ದಿನಕ್ಕೆ ಹಲವಾರು ಸಲ ಬಳಕೆಯಾಗುವ ಆಜ್ಞೆ ‘ಗಿಟ್ ಸ್ಟೇಟಸ್’. ನೋಡುವುದಕ್ಕೆ ಸಾಮಾನ್ಯ ಪ್ರಶ್ನೆ: ಏನೇನು ಬದಲಾಗಿದೆ? ಒಳಗೆ ನಡೆಯುವುದು ಮೂರು ಕೆಲಸ. ಕೊನೆಯ ಕಮಿಟ್ಟನ್ನು ಇಂಡೆಕ್ಸ್‌ನೊಡನೆ, ಅಂದರೆ ಮುಂದಿನ ಕಮಿಟ್ಟಿಗೆ ಸಿದ್ಧವಾದ ಕಡತಗಳ ಪಟ್ಟಿಯೊಡನೆ, ಹೋಲಿಸುವುದು ಮೊದಲನೆಯದು. ಇದಕ್ಕೆ ಕೆಲಸದ ಡೈರೆಕ್ಟರಿಯ ಗೊಡವೆ ಬೇಕಿಲ್ಲ. ಇಂಡೆಕ್ಸ್‌ನಲ್ಲಿ ದಾಖಲಾದ ಪ್ರತಿಯೊಂದು ಕಡತವನ್ನೂ ಡಿಸ್ಕಿನ ಮೇಲಿರುವ ಕಡತದೊಡನೆ ಹೋಲಿಸುವುದು ಎರಡನೆಯದು. ಇಂಡೆಕ್ಸ್‌ನಲ್ಲೇ ಇಲ್ಲದ ಹೊಸ ಕಡತಗಳಿಗಾಗಿ ಎಲ್ಲ ಡೈರೆಕ್ಟರಿಗಳನ್ನೂ ತಡಕುವುದು ಮೂರನೆಯದು.

ಎರಡನೆಯ ಕೆಲಸದಲ್ಲಿ ಗಿಟ್ ಸಾಮಾನ್ಯವಾಗಿ ಕಡತದ ಒಳಗನ್ನು ಓದುವುದಿಲ್ಲ. ಕಡತದ ಗಾತ್ರ, ಬದಲಾದ ಹೊತ್ತು, ಐನೋಡ್ ಸಂಖ್ಯೆ, ಅನುಮತಿಗಳು ಮುಂತಾದ ವಿವರಗಳನ್ನು ಇಂಡೆಕ್ಸ್ ಮೊದಲೇ ಬರೆದಿಟ್ಟುಕೊಂಡಿರುತ್ತದೆ. ‘ಎಲ್‌ಸ್ಟಾಟ್’ ಎಂಬ ಸಿಸ್ಟಂ ಕರೆಯ ಮೂಲಕ ಅವೇ ವಿವರಗಳನ್ನು ಕರ್ನಲ್ಲಿನಿಂದ ಪಡೆದು ತಾಳೆ ನೋಡುತ್ತದೆ. ಒಂದು ಕರೆ ಅಗ್ಗ. ಆದರೆ ಕಡತಕ್ಕೊಂದರಂತೆ ಕರೆ ಆಗಲೇಬೇಕು, ಬದಲಾದದ್ದು ಒಂದೇ ಕಡತವಾಗಿದ್ದರೂ. ಒಬ್ಬ ವಿದ್ಯಾರ್ಥಿ ಬಂದಿಲ್ಲವೆಂದು ತಿಳಿಯಲು ಮೇಷ್ಟ್ರು ಇಡೀ ಶಾಲೆಯ ಹಾಜರಿ ಕೂಗಿದ ಹಾಗೆ. ಖರ್ಚು ಬದಲಾವಣೆಯ ಪ್ರಮಾಣಕ್ಕೆ ತಕ್ಕಂತೆ ಇರದೆ ರೆಪೊಸಿಟರಿಯ ಗಾತ್ರಕ್ಕೆ ತಕ್ಕಂತೆ ಬೆಳೆಯುತ್ತದೆ. ಡೀಮನ್ ಹುಟ್ಟಲು ಕಾರಣ ಈ ಅಸಮತೋಲನವೇ.

70 ಸಾವಿರಕ್ಕೂ ಹೆಚ್ಚು ಕಡತಗಳಿರುವ ಲಿನಕ್ಸ್ ಕರ್ನಲ್ಲಿಗೆ ಇದು ಭಾರವಾಗಲಿಲ್ಲ. ಒಂದು ಕಂಪನಿಯ ಎಲ್ಲ ಕೋಡನ್ನೂ ಒಂದೇ ರೆಪೊದಲ್ಲಿಡುವ ಪದ್ಧತಿ ಬಂದಾಗ ಭಾರ ಎದ್ದು ಕಂಡಿತು. 2012ರ ಫೆಬ್ರುವರಿಯಲ್ಲಿ ಫೇಸ್‌ಬುಕ್‌ನ ಇಂಜಿನಿಯರರು 40 ಲಕ್ಷ ಕಮಿಟ್, ಸುಮಾರು 13 ಲಕ್ಷ ಕಡತಗಳಿರುವ ಕೃತಕ ರೆಪೊವೊಂದನ್ನು ಕಟ್ಟಿ ಗಿಟ್ಟನ್ನು ಪರೀಕ್ಷಿಸಿದರು. ಇಂಡೆಕ್ಸ್ ಕಡತವೊಂದೇ 191 ಎಂಬಿ ತೂಗಿತು. ಡಿಸ್ಕಿನ ಮಾಹಿತಿಯೆಲ್ಲ ಮೆಮೊರಿಯಲ್ಲಿದ್ದಾಗಲೂ ಸ್ಟೇಟಸ್ 24 ಸೆಕೆಂಡು ಹಿಡಿಯಿತು. ಮೆಮೊರಿ ಬರಿದಾಗಿದ್ದಾಗ 39 ನಿಮಿಷ. ಐದು ವರ್ಷದ ಬಳಿಕ, 2017ರಲ್ಲಿ, ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಕೋಡನ್ನು ಗಿಟ್‌ಗೆ ತಂದಾಗ ಅದರಲ್ಲಿ ಸುಮಾರು 35 ಲಕ್ಷ ಕಡತಗಳಿದ್ದವು, ಗಾತ್ರ ಸುಮಾರು 300 ಜಿಬಿ.

ಪರ್‌ಫೋರ್ಸ್ ಬಳಸುವವರಿಗೆ ಈ ತೊಂದರೆ ಅಷ್ಟಾಗಿ ಗೊತ್ತಿಲ್ಲ. ಅಲ್ಲಿ ಕಡತ ತಿದ್ದುವ ಮೊದಲು ‘ಪಿ4 ಎಡಿಟ್’ ಎಂದು ಸರ್ವರಿಗೆ ತಿಳಿಸಬೇಕು. ಯಾವುದು ಬದಲಾಗಲಿದೆ ಎಂಬ ಪಟ್ಟಿ ಸರ್ವರಿನಲ್ಲೇ ಇರುವುದರಿಂದ ಹುಡುಕಾಟದ ಮಾತೇ ಬರುವುದಿಲ್ಲ. ಗಿಟ್ ಆ ಶಿಸ್ತನ್ನು ಬಳಕೆದಾರನ ಮೇಲೆ ಹೇರಲಿಲ್ಲ. ಯಾವ ಎಡಿಟರಿನಲ್ಲಿ, ಯಾವ ಕಡತವನ್ನು, ಯಾವಾಗ ಬೇಕಾದರೂ ತಿದ್ದಬಹುದು. ಆ ಸ್ವಾತಂತ್ರ್ಯವನ್ನು ಉಳಿಸಿಕೊಂಡೇ ಪರ್‌ಫೋರ್ಸ್‌ನ ಪಟ್ಟಿಯಂಥದ್ದನ್ನು ತಾನಾಗಿ ತಯಾರಿಸುವುದು ಡೀಮನ್‌ನ ಕೆಲಸ.

ಏನನ್ನು ನೆನಪಿಡಬೇಕು?

ಹಿನ್ನೆಲೆಯಲ್ಲಿ ನೆನಪಿಡಬಹುದಾದ ಸಂಗತಿಗಳು ಹಲವು. ಮೊದಲನೆಯದು ಪ್ರೋಗ್ರಾಮೇ. ಪೈಥಾನ್‌ನಲ್ಲಿ ಬರೆದ ಮರ್ಕ್ಯುರಿಯಲ್ ಪ್ರತಿ ಆಜ್ಞೆಗೂ ಪೈಥಾನ್ ವ್ಯವಸ್ಥೆಯನ್ನೂ ತನ್ನ ಎಕ್ಸ್‌ಟೆನ್ಷನ್‌ಗಳನ್ನೂ ಹೊಸದಾಗಿ ಲೋಡ್ ಮಾಡಿಕೊಳ್ಳಬೇಕು. ಯುಯಾ ನಿಶಿಹಾರಾ ಬರೆದ ‘ಸಿಎಚ್‌ಜಿ’ ಇದಕ್ಕೆ ಉಪಾಯ ಹುಡುಕಿತು. ಎಲ್ಲವನ್ನೂ ಲೋಡ್ ಮಾಡಿ ಕಾದು ಕುಳಿತ ಒಂದು ಪ್ರೊಸೆಸ್ ಆಜ್ಞೆ ಬಂದಾಗಲೆಲ್ಲ ತನ್ನ ನಕಲನ್ನು ಹುಟ್ಟಿಸಿ ಕೆಲಸ ಒಪ್ಪಿಸುತ್ತದೆ. ಸಿ ಭಾಷೆಯಲ್ಲಿರುವ ಗಿಟ್‌ಗೆ ಇದರಿಂದ ಹೆಚ್ಚು ಲಾಭವಿಲ್ಲ.

ಎರಡನೆಯದು ಇಂಡೆಕ್ಸ್. ನೂರಾರು ಎಂಬಿಯ ಇಂಡೆಕ್ಸನ್ನು ಪ್ರತಿ ಆಜ್ಞೆಗೂ ಓದಿ, ಅದರ ಹ್ಯಾಶ್ ಸರಿಯಿದೆಯೇ ಎಂದು ಪರೀಕ್ಷಿಸುವ ಬದಲು ಡೀಮನ್ ಅದನ್ನು ಹಂಚಿಕೊಂಡ ಮೆಮೊರಿಯಲ್ಲಿ ಸಿದ್ಧವಾಗಿಡಬಹುದು. ನ್ಗುಯೆನ್ ಥಾಯ್ ನ್ಗೋಕ್ ಡುಯ್ ಈ ಯೋಚನೆಯನ್ನು ಮುಂದಿಟ್ಟರು. 2016ರಲ್ಲಿ ಡೇವಿಡ್ ಟರ್ನರ್ ಅದಕ್ಕೆ ವಾಚ್‌ಮನ್ ಸೇರಿಸಿ ‘ಇಂಡೆಕ್ಸ್-ಹೆಲ್ಪರ್’ ಎಂಬ ರೂಪ ಕೊಟ್ಟರು. ಹಲವು ಸುತ್ತಿನ ತಿದ್ದುಪಡಿಯಾದರೂ ಅದು ಗಿಟ್‌ನ ಮುಖ್ಯ ಕೋಡಿಗೆ ಸೇರಲಿಲ್ಲ. ಆದರೂ ಅದನ್ನು ಸೋತ ಪ್ರಯತ್ನ ಎನ್ನಲಾಗದು. ಮುಂದಿನ ಎಫ್‌ಎಸ್‌ಮಾನಿಟರ್‌ಗೆ ಬೇಕಾದ ಇಂಡೆಕ್ಸ್ ವಿಸ್ತರಣೆಯ ಕಲ್ಪನೆ ಆ ಚರ್ಚೆಗಳಲ್ಲೇ ಬಲಿಯಿತು.

ಮೂರನೆಯದು ಉತ್ತರವನ್ನೇ ನೆನಪಿಡುವುದು. ವಿಂಡೋಸ್ ಎಕ್ಸ್‌ಪ್ಲೋರರಿನಲ್ಲಿ ಕಡತಗಳ ಚಿತ್ರದ ಮೇಲೆ ಹಸಿರು, ಕೆಂಪು ಗುರುತು ತೋರಿಸುವ ಟಾರ್ಟಾಯ್ಸ್‌ಎಸ್‌ವಿಎನ್ ಈ ದಾರಿ ಹಿಡಿಯಿತು. ಎಕ್ಸ್‌ಪ್ಲೋರರ್ ಒಂದೊಂದು ಚಿತ್ರಕ್ಕೂ ಬೇರೆಯಾಗಿ ಪ್ರಶ್ನೆ ಕೇಳುವುದರಿಂದ ಪ್ರತ್ಯೇಕ ಪ್ರೊಸೆಸ್ ಒಂದು ಸ್ಥಿತಿಯ ಪಟ್ಟಿಯನ್ನೇ ಇಟ್ಟುಕೊಳ್ಳುವುದು ಅನಿವಾರ್ಯವಾಯಿತು. ಗುರುತು ಕ್ಷಣಕಾಲ ಹಳೆಯದಾಗಿದ್ದರೂ ಅಲ್ಲಿ ಅಂಥ ನಷ್ಟವಿಲ್ಲ. ಕಮಿಟ್ ಮಾಡುವ ಆಜ್ಞೆಗೆ ಆ ರಿಯಾಯಿತಿ ಇಲ್ಲ.

ನಾಲ್ಕನೆಯ ದಾರಿಯೇ ಈಗ ಗೆದ್ದಿರುವುದು: ಯಾವ ಕಡತಗಳ ಮೇಲೆ ಏನೋ ನಡೆದಿದೆ ಎಂಬ ಪಟ್ಟಿಯನ್ನಷ್ಟೇ ಇಡುವುದು. ಡೀಮನ್ ಇಂಡೆಕ್ಸನ್ನು ಓದುವುದಿಲ್ಲ, ಕಡತವನ್ನು ಹೋಲಿಸುವುದಿಲ್ಲ, ತೀರ್ಪು ಕೊಡುವುದಿಲ್ಲ. ‘ನೀನು ಹೋದ ಸಲ ಕೇಳಿದ ಮೇಲೆ ಈ ಹನ್ನೆರಡು ಹೆಸರುಗಳು ನನ್ನ ಕಿವಿಗೆ ಬಿದ್ದಿವೆ’ ಎನ್ನುತ್ತದೆ. ಗಿಟ್ ಆ ಹನ್ನೆರಡಕ್ಕೆ ಮಾತ್ರ ತಾನೇ ಎಲ್‌ಸ್ಟಾಟ್ ಮಾಡಿ ನಿರ್ಧರಿಸುತ್ತದೆ. ಜವಾಬ್ದಾರಿಯನ್ನು ಇಷ್ಟು ಕಿರಿದಾಗಿಸಿದ್ದೇ ಈ ವಿನ್ಯಾಸದ ದೊಡ್ಡ ಗುಣ.

ಕರ್ನಲ್ ಕೊಡುವ ಸುದ್ದಿ

ಕಡತ ಬದಲಾದ ಸುದ್ದಿ ಡೀಮನ್‌ಗೆ ಬರುವುದು ಕರ್ನಲ್ಲಿನಿಂದ. ಲಿನಕ್ಸ್‌ನಲ್ಲಿ 2005ರ 2.6.13 ಆವೃತ್ತಿಯಲ್ಲಿ ಬಂದ ‘ಐನೋಟಿಫೈ’, ಮ್ಯಾಕ್‌ನಲ್ಲಿ 2007ರ ಲೆಪರ್ಡ್ ಆವೃತ್ತಿಯ ‘ಎಫ್‌ಎಸ್‌ಈವೆಂಟ್ಸ್’, ವಿಂಡೋಸ್‌ನಲ್ಲಿ ‘ರೀಡ್‌ಡೈರೆಕ್ಟರಿಚೇಂಜಸ್’ ಎಂಬ ಕರೆ. ಮೂರರ ಸ್ವಭಾವವೂ ಬೇರೆ.

ಐನೋಟಿಫೈ ಒಂದು ಡೈರೆಕ್ಟರಿಯನ್ನು ಮಾತ್ರ ಕಾಯುತ್ತದೆ, ಅದರೊಳಗಿನ ಒಳ ಡೈರೆಕ್ಟರಿಗಳನ್ನಲ್ಲ. ಹತ್ತು ಸಾವಿರ ಡೈರೆಕ್ಟರಿಗಳಿದ್ದರೆ ಹತ್ತು ಸಾವಿರ ಕಾವಲು ಹಾಕಬೇಕು. ಬಹುಕಾಲ ಒಬ್ಬ ಬಳಕೆದಾರನಿಗೆ ಪೂರ್ವನಿಗದಿ ಮಿತಿ 8,192 ಇತ್ತು, 5.11 ಕರ್ನಲ್ಲಿನ ನಂತರ ಗಣಕದ ಮೆಮೊರಿಗೆ ತಕ್ಕಂತೆ ಮಿತಿ ಏರುತ್ತದೆ. ಹೊಸ ಡೈರೆಕ್ಟರಿ ಹುಟ್ಟಿದ ಸುದ್ದಿ ಬಂದು ಅದಕ್ಕೆ ಕಾವಲು ಹಾಕುವಷ್ಟರಲ್ಲೇ ಅದರೊಳಗೆ ಕಡತಗಳು ಹುಟ್ಟಿಬಿಡಬಹುದು. ಆದ್ದರಿಂದ ಮೊದಲು ಕಾವಲು ಹಾಕಿ, ಆಮೇಲೆ ಒಳಗೆ ಇಣುಕಿ ಪಟ್ಟಿ ಮಾಡಬೇಕು. ಕ್ರಮ ತಿರುಗುಮುರುಗಾದರೆ ನಡುವಿನ ಕಡತಗಳು ಕೈತಪ್ಪುತ್ತವೆ. ಸುದ್ದಿಯ ಸಾಲಿಗೂ ಮಿತಿಯಿದೆ, ಪೂರ್ವನಿಗದಿಯಾಗಿ 16,384. ದೊಡ್ಡ ಬಿಲ್ಡ್ ನಡೆದು ಸಾಲು ತುಂಬಿದರೆ ಕರ್ನಲ್ ಮಿಕ್ಕ ಸುದ್ದಿಯನ್ನು ಚೆಲ್ಲಿ ‘ಸಾಲು ಉಕ್ಕಿತು’ ಎಂಬ ಒಂದೇ ಸಂದೇಶ ಕಳಿಸುತ್ತದೆ. ಕಡತವನ್ನು ಮೆಮೊರಿಗೆ ಜೋಡಿಸಿಕೊಂಡು ತಿದ್ದುವ ಪ್ರೋಗ್ರಾಮುಗಳ ಬದಲಾವಣೆಯನ್ನೂ, ನೆಟ್‌ವರ್ಕ್ ಡಿಸ್ಕಿನಲ್ಲಿ ಬೇರೊಂದು ಗಣಕ ಮಾಡಿದ ಬದಲಾವಣೆಯನ್ನೂ ಐನೋಟಿಫೈ ತಿಳಿಸುವುದೇ ಇಲ್ಲ.

ಎಫ್‌ಎಸ್‌ಈವೆಂಟ್ಸ್ ಮತ್ತು ವಿಂಡೋಸ್ ಕರೆಗಳು ಇಡೀ ಮರವನ್ನು ಒಂದೇ ಕಾವಲಿನಲ್ಲಿ ನೋಡಿಕೊಳ್ಳುತ್ತವೆ, ಆದರೆ ಅವೂ ಒತ್ತಡದಲ್ಲಿ ಸುದ್ದಿ ಕಳೆಯುತ್ತವೆ. ಹಾಗಾದಾಗ ಮ್ಯಾಕ್ ‘ಈ ಡೈರೆಕ್ಟರಿಯ ಕೆಳಗೆಲ್ಲ ನೀನೇ ಹುಡುಕಿಕೋ’ ಎಂಬ ಗುರುತು ಹಚ್ಚಿ ಕಳಿಸುತ್ತದೆ. ಯಾವ ವ್ಯವಸ್ಥೆಯ ಸುದ್ದಿವಾಹಕವೂ ಪೂರ್ಣ ವಿಶ್ವಾಸಾರ್ಹವಲ್ಲ. ಆದರೆ ಸುದ್ದಿ ಕಳೆದಾಗ ಕಳೆದಿದೆಯೆಂದು ಮೂರೂ ಹೇಳುತ್ತವೆ. ಆ ಸೂಚನೆಯನ್ನು ಕಡೆಗಣಿಸಿದ ಡೀಮನ್ ಬಳಕೆಗೆ ಯೋಗ್ಯವಲ್ಲ.

ಟೋಕನ್ ಮತ್ತು ಕುಕೀ

ಗಿಟ್ ಮತ್ತು ಡೀಮನ್ ನಡುವಿನ ಸಂಭಾಷಣೆ ಚಿಕ್ಕದು, ಆದರೆ ಅದರ ಒಂದೊಂದು ಮಾತಿಗೂ ಕಾರಣವಿದೆ. ‘ಯಾವಾಗಿನಿಂದ ಬದಲಾದದ್ದು ಬೇಕು’ ಎಂಬುದನ್ನು ಹೇಗೆ ಹೇಳುವುದು? 2018ರ ಜನವರಿಯಲ್ಲಿ ಬಂದ ಗಿಟ್ 2.16ರಲ್ಲಿ ಮೈಕ್ರೋಸಾಫ್ಟ್‌ನ ಬೆನ್ ಪಿಯರ್ಟ್ ಸೇರಿಸಿದ ಮೊದಲ ಎಫ್‌ಎಸ್‌ಮಾನಿಟರ್ ವ್ಯವಸ್ಥೆ ಗಡಿಯಾರದ ಹೊತ್ತನ್ನು ನ್ಯಾನೊಸೆಕೆಂಡಿನಲ್ಲಿ ಕಳಿಸುತ್ತಿತ್ತು. ಹೊತ್ತು ಎಂಬುದು ಇಲ್ಲಿ ಸಡಿಲವಾದ ಅಳತೆ. ಗಿಟ್‌ನ ಆರಂಭದಿಂದಲೂ ಈ ತೊಡಕು ಇದ್ದೇ ಇದೆ: ಇಂಡೆಕ್ಸ್ ಬರೆದ ಅದೇ ಕ್ಷಣದಲ್ಲಿ ಕಡತವೂ ಬದಲಾಗಿ, ಗಾತ್ರ ಮಾತ್ರ ಹಾಗೇ ಉಳಿದರೆ ಎರಡರ ಹೊತ್ತೂ ಒಂದೇ ಆಗಿ ಬದಲಾವಣೆ ಕಾಣದು. ಅದಕ್ಕಾಗಿ ಇಂಡೆಕ್ಸ್‌ನಷ್ಟೇ ಹೊಸದಾಗಿ ತೋರುವ ಕಡತವನ್ನು ಗಿಟ್ ನಂಬದೆ ಒಳಗನ್ನೇ ತೆರೆದು ಹೋಲಿಸುತ್ತದೆ. ಡೀಮನ್‌ಗೂ ಹೊತ್ತನ್ನೇ ಕೊಟ್ಟರೆ ಅದೇ ತೊಡಕು ಇನ್ನೊಂದು ಬಾಗಿಲಿನಿಂದ ಒಳಬರುತ್ತದೆ.

2020ರ ಗಿಟ್ 2.26ರಲ್ಲಿ ಹೊತ್ತಿನ ಜಾಗಕ್ಕೆ ಟೋಕನ್ ಬಂತು. ವಾಚ್‌ಮನ್ ತನ್ನ ‘ಗಡಿಯಾರ’ ಎಂದು ಕರೆಯುತ್ತಿದ್ದದ್ದು ಇದನ್ನೇ. ಗಿಟ್‌ಗೆ ಟೋಕನ್ನಿನ ಅರ್ಥ ಗೊತ್ತಿಲ್ಲ, ಗೊತ್ತಿರಬೇಕಿಲ್ಲ. ಉತ್ತರದ ಜೊತೆಗೆ ಬಂದ ಟೋಕನ್ನನ್ನು ಇಂಡೆಕ್ಸ್‌ನಲ್ಲಿ ಬರೆದಿಟ್ಟು ಮುಂದಿನ ಸಲ ಹಾಗೇ ಹಿಂದಿರುಗಿಸುತ್ತದೆ. ಡೀಮನ್‌ಗೆ ಅದರಲ್ಲಿ ಎರಡು ಸಂಗತಿ ಕಾಣುತ್ತವೆ: ತನ್ನ ಈ ಜನ್ಮದ ಗುರುತು, ಮತ್ತು ಆವರೆಗಿನ ಸುದ್ದಿಯ ಕ್ರಮಸಂಖ್ಯೆ. ಗುರುತು ಹೊಂದಿದರೆ ಕ್ರಮಸಂಖ್ಯೆಯ ನಂತರದ ಹೆಸರುಗಳನ್ನು ಕೊಡುತ್ತದೆ. ಹೊಂದದಿದ್ದರೆ, ಅಂದರೆ ನಡುವೆ ಡೀಮನ್ ಸತ್ತು ಮತ್ತೆ ಹುಟ್ಟಿದ್ದರೆ, ‘ಎಲ್ಲವೂ ಬದಲಾಗಿರಬಹುದು’ ಎಂಬುದಕ್ಕೆ ಒಂದೇ ಒಂದು ಓರೆಗೆರೆಯನ್ನು ಕಳಿಸುತ್ತದೆ. ಕರ್ನಲ್ ಸುದ್ದಿ ಕಳೆದಾಗಲೂ ಡೀಮನ್ ತನ್ನ ಗುರುತನ್ನು ತಾನೇ ಬದಲಿಸಿಕೊಳ್ಳುತ್ತದೆ. ಹಳೆಯ ಟೋಕನ್ನುಗಳೆಲ್ಲ ಆ ಕ್ಷಣವೇ ರದ್ದು. ಆಗ ಗಿಟ್ ಡೀಮನ್ ಇಲ್ಲದ ಕಾಲದಂತೆ ಪೂರ್ತಿ ಹುಡುಕುತ್ತದೆ. ಒಂದು ಸಲ ನಿಧಾನವಾಗುತ್ತದೆ, ತಪ್ಪಾಗುವುದಿಲ್ಲ.

ಇನ್ನೂ ಒಂದು ಬಿರುಕು ಉಳಿಯಿತು. ಎಡಿಟರಿನಲ್ಲಿ ಕಡತ ಉಳಿಸಿ ಮರುಕ್ಷಣವೇ ‘ಗಿಟ್ ಸ್ಟೇಟಸ್’ ಕೊಟ್ಟರೆ, ಉಳಿಸಿದ ಸುದ್ದಿ ಇನ್ನೂ ಕರ್ನಲ್ಲಿನ ಸಾಲಿನಲ್ಲೇ ಇರಬಹುದು. ಪ್ರಶ್ನೆ ಅದನ್ನು ಹಿಂದೆ ಹಾಕಿ ಡೀಮನ್ ತಲುಪಿರುತ್ತದೆ. ಎಷ್ಟು ಕಾಯಬೇಕು? ಹತ್ತು ಮಿಲಿಸೆಕೆಂಡು ಸಾಕೇ, ನೂರು ಬೇಕೇ? ಅಂದಾಜಿನ ಯಾವ ಉತ್ತರವೂ ಸರಿಯಲ್ಲ. ವಾಚ್‌ಮನ್ ರೂಢಿಗೆ ತಂದು ಗಿಟ್ ಕೂಡ ಅನುಸರಿಸಿದ ಉಪಾಯದ ಹೆಸರು ಕುಕೀ. ಪ್ರಶ್ನೆ ಬಂದೊಡನೆ ಡೀಮನ್ ತಾನೇ ಒಂದು ಪುಟ್ಟ ಕಡತವನ್ನು ಗಿಟ್ ಡೈರೆಕ್ಟರಿಯೊಳಗೆ ಸೃಷ್ಟಿಸುತ್ತದೆ. ಆ ಕಡತ ಹುಟ್ಟಿದ ಸುದ್ದಿ ಕರ್ನಲ್ಲಿನಿಂದ ತನಗೇ ಮರಳಿ ಬರುವತನಕ ಕಾಯುತ್ತದೆ. ಸುದ್ದಿಗಳು ಕ್ರಮವಾಗಿ ಬರುವುದರಿಂದ, ಕುಕೀ ಬಂತೆಂದರೆ ಅದಕ್ಕಿಂತ ಮೊದಲು ನಡೆದದ್ದೆಲ್ಲ ಬಂದಾಗಿದೆ ಎಂದರ್ಥ. ಅಂದಾಜನ್ನು ತೆಗೆದು ಆ ಜಾಗದಲ್ಲಿ ಸಾಕ್ಷಿ ಇಟ್ಟ ಈ ಯುಕ್ತಿ ಇಡೀ ವಿನ್ಯಾಸದ ಅತ್ಯಂತ ಸೊಗಸಾದ ಭಾಗ.

ನಡೆದುಬಂದ ದಾರಿ

2008ರ ಮರ್ಕ್ಯುರಿಯಲ್ 1.0ರ ಜೊತೆಗೆ ಬ್ರಯಾನ್ ಒ’ಸಲಿವನ್ ಬರೆದ ‘ಐನೋಟಿಫೈ’ ಎಕ್ಸ್‌ಟೆನ್ಷನ್ ಬಂತು. ಹಿನ್ನೆಲೆ ಸರ್ವರ್ ಒಂದು ಸ್ಥಿತಿಯನ್ನು ಕಾಯ್ದುಕೊಳ್ಳುವ ಆ ಪ್ರಯತ್ನ ಸುದ್ದಿ ತಡವಾಗಿ ಬರುವ ದೋಷಗಳಿಂದ ಬಳಲಿ ಮುಂದೆ ತೆಗೆದುಹಾಕಲ್ಪಟ್ಟಿತು. 2013ರಲ್ಲಿ ಫೇಸ್‌ಬುಕ್ ವಾಚ್‌ಮನ್‌ನ ಕೋಡನ್ನು ಸಾರ್ವಜನಿಕಗೊಳಿಸಿತು. ಅದರ ಮುಖ್ಯ ಶಿಲ್ಪಿ ವೆಜ್ ಫರ್ಲಾಂಗ್. ಮರ್ಕ್ಯುರಿಯಲ್‌ನೊಡನೆ ಅದನ್ನು ಬೆಸೆದ ಎಕ್ಸ್‌ಟೆನ್ಷನ್ 2016ರಲ್ಲಿ ‘ಎಫ್‌ಎಸ್‌ಮಾನಿಟರ್’ ಎಂಬ ಹೆಸರಿನಲ್ಲಿ ಮೂಲ ತಂತ್ರಾಂಶದ ಭಾಗವಾಯಿತು. ಗಿಟ್ ಈ ಹೆಸರನ್ನೇ ಬಳಸಿತು. ಮೊದಲ ನಾಲ್ಕು ವರ್ಷ ಗಿಟ್ ಬಳಕೆದಾರರು ವಾಚ್‌ಮನ್ನನ್ನು ಬೇರೆಯಾಗಿ ಹಾಕಿಕೊಂಡು, ನಡುವೆ ಒಂದು ಪರ್ಲ್ ಸ್ಕ್ರಿಪ್ಟ್ ಜೋಡಿಸಿಕೊಳ್ಳಬೇಕಿತ್ತು. 2022ರ ಜೂನ್‌ನಲ್ಲಿ ಬಂದ ಗಿಟ್ 2.37ರಲ್ಲಿ ಜೆಫ್ ಹಾಸ್ಟೆಟ್ಲರ್ ಬರೆದ ಡೀಮನ್ ಗಿಟ್‌ನೊಳಗೇ ಸೇರಿತು, ಮೊದಲಿಗೆ ವಿಂಡೋಸ್ ಮತ್ತು ಮ್ಯಾಕ್‌ಗಳಿಗೆ. ಹೊರಗಿನ ಯಾವ ತಂತ್ರಾಂಶವೂ ಬೇಡ, ಒಂದು ಸೆಟ್ಟಿಂಗ್ ಸಾಕು ಎಂದಾದ ಮೇಲೆಯೇ ಇದು ಸಾಮಾನ್ಯ ಪ್ರೋಗ್ರಾಮರನ ಕೈಗೆಟುಕಿದ್ದು.

ಕಡತದ ಹೆಸರು

ಡೀಮನ್ ಕೊಡುವುದು ಹೆಸರುಗಳ ಪಟ್ಟಿಯಾದ್ದರಿಂದ ಆ ಹೆಸರು ಇಂಡೆಕ್ಸ್‌ನಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ಕನ್ನಡದಲ್ಲಿ ಹೆಸರಿಡುವವರಿಗೆ ಇದು ನೇರವಾಗಿ ತಟ್ಟುವ ವಿಷಯ. ಯುನಿಕೋಡ್‌ನಲ್ಲಿ ‘ಕೋಶ’ ಎಂಬ ಹೆಸರನ್ನು ಎರಡು ರೀತಿಯಲ್ಲಿ ಬರೆಯಬಹುದು. ಓತ್ವವನ್ನು ಒಂದೇ ಸಂಕೇತವಾಗಿಟ್ಟರೆ ಒಟ್ಟು 3 ಸಂಕೇತ. ಅದನ್ನು ಎತ್ವ, ಊತ್ವ, ದೀರ್ಘಚಿಹ್ನೆ ಎಂದು ಬಿಡಿಸಿಟ್ಟರೆ 5. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಒಂದು 9 ಬೈಟು, ಇನ್ನೊಂದು 15. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಇಂಡೆಕ್ಸ್‌ನಲ್ಲಿ ಕೂಡಿಸಿದ ರೂಪ, ಕರ್ನಲ್ ಸುದ್ದಿಯಲ್ಲಿ ಬಿಡಿಸಿದ ರೂಪ ಇದ್ದರೆ ಗಿಟ್‌ಗೆ ಆ ಹೆಸರು ಅಪರಿಚಿತ, ಬದಲಾವಣೆ ಅದೃಶ್ಯ. ಹಾಗಾಗಿ ಮ್ಯಾಕ್‌ನಲ್ಲಿ ಗಿಟ್‌ನ ಡೀಮನ್ ಬಿಡಿಸಿದ ಹೆಸರು ಕಂಡಾಗ ಕೂಡಿಸಿದ ರೂಪವನ್ನೂ ಜೊತೆಗೆ ಕಳಿಸುತ್ತದೆ. ಒಂದು ಹೆಸರು ಹೆಚ್ಚಾದರೆ ತೊಂದರೆಯಿಲ್ಲ, ಕಡಿಮೆಯಾಗಬಾರದು ಎಂಬ ಮೂಲ ನಿಯಮ ಇಲ್ಲಿಯೂ ಕೆಲಸ ಮಾಡಿದೆ. ದೊಡ್ಡ, ಸಣ್ಣ ಅಕ್ಷರಗಳ ಭೇದವೆಣಿಸದ ಡಿಸ್ಕುಗಳಲ್ಲಿ ಇಂಗ್ಲಿಷ್ ಹೆಸರುಗಳಿಗೂ ಇಂಥದೇ ಪಾಡು.

ಹುಟ್ಟು, ಸಾವು, ಬೀಗ

ವಾಚ್‌ಮನ್ ಒಬ್ಬ ಬಳಕೆದಾರನಿಗೆ ಒಂದೇ ಓಡುತ್ತ ಹಲವು ರೆಪೊಗಳನ್ನು ಕಾಯುತ್ತದೆ; ಗಿಟ್‌ನದು ಪ್ರತಿ ಕೆಲಸದ ಡೈರೆಕ್ಟರಿಗೂ ಬೇರೆ ಬೇರೆ. ಎರಡನೆಯದರಲ್ಲಿ ಮೆಮೊರಿ ಹೆಚ್ಚು ಬೇಕು, ಆದರೆ ಒಂದರ ದೋಷ ಇನ್ನೊಂದಕ್ಕೆ ತಗಲುವುದಿಲ್ಲ. ಬಳಕೆದಾರ ಡೀಮನ್ನನ್ನು ಕೈಯಾರೆ ಎಬ್ಬಿಸಬೇಕಿಲ್ಲ. ಮೊದಲ ಆಜ್ಞೆಯೇ ಎಬ್ಬಿಸುತ್ತದೆ. ರೆಪೊವನ್ನು ಅಳಿಸಿದರೆ ಅಥವಾ ಬೇರೆಡೆಗೆ ಸಾಗಿಸಿದರೆ ತಾನಾಗಿ ನಿಲ್ಲುತ್ತದೆ. ವಿಂಡೋಸ್‌ನಲ್ಲಿ ಯಾವುದಾದರೂ ಪ್ರೊಸೆಸ್ ಒಂದು ಡೈರೆಕ್ಟರಿಯಲ್ಲಿ ‘ನಿಂತಿದ್ದರೆ’ ಅದನ್ನು ಅಳಿಸಲಾಗದು. ಆ ಕಾರಣಕ್ಕೆ ಡೀಮನ್ ಹುಟ್ಟಿದೊಡನೆ ಅಲ್ಲಿಂದ ಹೊರನಡೆದು ದೂರದಿಂದ ಕಾಯುತ್ತದೆ.

ಹಿನ್ನೆಲೆ ಕೆಲಸ ಮುನ್ನೆಲೆಯ ಕೆಲಸಕ್ಕೆ ಅಡ್ಡಬರಬಾರದು. ಎಡಿಟರುಗಳು ಆಗಾಗ ತಾವಾಗಿಯೇ ಸ್ಟೇಟಸ್ ಕೇಳುತ್ತವೆ. ಸ್ಟೇಟಸ್ ಇಂಡೆಕ್ಸನ್ನು ಹೊಸದು ಮಾಡಲು ಬೀಗ ಹಾಕುತ್ತದೆ. ಅದೇ ಕ್ಷಣ ಬಳಕೆದಾರ ಕೊಟ್ಟ ಕಮಿಟ್ ಬೀಗ ಕಂಡು ಸೋಲುತ್ತದೆ. ಇದಕ್ಕಾಗಿಯೇ ಗಿಟ್ 2.15ರಿಂದ ‘ಕಡ್ಡಾಯವಲ್ಲದ ಬೀಗ ಹಾಕಬೇಡ’ ಎಂದು ಹೇಳುವ ಸೌಲಭ್ಯವಿದೆ. ಹಿನ್ನೆಲೆಯಿಂದ ಗಿಟ್ ಕರೆಯುವ ಪ್ರತಿಯೊಂದು ಉಪಕರಣವೂ ಅದನ್ನು ಬಳಸಬೇಕು.

ಭದ್ರತೆಯ ಮಾತನ್ನೂ ಬಿಡುವಂತಿಲ್ಲ. ಎಫ್‌ಎಸ್‌ಮಾನಿಟರ್ ಸೆಟ್ಟಿಂಗಿಗೆ ಯಾವುದಾದರೂ ಪ್ರೋಗ್ರಾಮಿನ ದಾರಿಯನ್ನೂ ಕೊಡಬಹುದು. ‘ಗಿಟ್ ಸ್ಟೇಟಸ್’ ಎಂದೊಡನೆ ಅದು ಓಡುತ್ತದೆ. ಬೇರೆಯವರು ಬಲೆಯಾಗಿ ಇಟ್ಟ ಡೈರೆಕ್ಟರಿಯೊಳಗೆ ಬರಿದೇ ಸ್ಟೇಟಸ್ ಕೇಳಿದರೂ ಅಪಾಯ ತಪ್ಪಿದ್ದಲ್ಲ. 2022ರ ಏಪ್ರಿಲ್‌ನಿಂದ ಗಿಟ್ ಇತರ ಬಳಕೆದಾರರ ಒಡೆತನದ ರೆಪೊಗಳನ್ನು ಅನುಮತಿಯಿಲ್ಲದೆ ಮುಟ್ಟದಿರುವುದಕ್ಕೆ ಇಂಥ ದಾರಿಗಳೇ ಕಾರಣ.

ಮಿತಿ ಮತ್ತು ಪರ್ಯಾಯ

ಕೋಟಿಗಟ್ಟಲೆ ಕಡತಗಳಿದ್ದರೆ ಡೀಮನ್ ಒಂದೇ ಸಾಲದು. ಗೂಗಲ್‌ನ ರೆಪೊದಲ್ಲಿ ಸುಮಾರು 100 ಕೋಟಿ ಕಡತಗಳು, 86 ಟಿಬಿ ಮಾಹಿತಿ ಇವೆಯೆಂದು 2016ರಲ್ಲಿ ಪ್ರಕಟವಾಯಿತು. ಅಷ್ಟನ್ನು ಯಾವ ಗಣಕಕ್ಕೂ ಇಳಿಸಿಕೊಳ್ಳಲಾಗದು. ಅಲ್ಲಿ, ಮತ್ತು ಮೆಟಾ ಕಂಪನಿಯ ಈಡನ್‌ಎಫ್‌ಎಸ್‌ನಲ್ಲಿ, ಕಡತ ವ್ಯವಸ್ಥೆಯೇ ತೋರಿಕೆಯದು. ಮುಟ್ಟಿದ ಕಡತ ಮಾತ್ರ ಇಳಿಯುತ್ತದೆ, ಮತ್ತು ಮುಟ್ಟಿದ್ದು ಯಾವುದೆಂದು ಆ ವ್ಯವಸ್ಥೆಗೇ ಗೊತ್ತಿರುತ್ತದೆ. ಮೈಕ್ರೋಸಾಫ್ಟ್ ಕೂಡ ಮೊದಲು ಆ ದಾರಿ ಹಿಡಿದು, ಆಮೇಲೆ ಭಾಗಶಃ ಇಳಿಕೆ, ಎಫ್‌ಎಸ್‌ಮಾನಿಟರ್, ಹಿನ್ನೆಲೆ ನಿರ್ವಹಣೆಗಳನ್ನು ಕೂಡಿಸಿದ ‘ಸ್ಕೇಲಾರ್’ ಕಡೆಗೆ ಹೊರಳಿತು. ಸ್ಕೇಲಾರ್ 2022ರ ಅಕ್ಟೋಬರ್‌ನಲ್ಲಿ ಗಿಟ್ 2.38ರ ಭಾಗವಾಯಿತು. ಕಡತ ವ್ಯವಸ್ಥೆಯನ್ನೇ ಬದಲಿಸುವುದಕ್ಕಿಂತ ಇದ್ದದ್ದನ್ನು ಚೆನ್ನಾಗಿ ಕಾಯುವುದು ಹೆಚ್ಚು ಬಾಳಿಕೆಯ ದಾರಿ ಎಂಬುದನ್ನು ಈ ಹೊರಳುವಿಕೆ ತೋರಿಸುತ್ತದೆ.

ವಿಂಡೋಸ್ ಅಥವಾ ಮ್ಯಾಕ್‌ನಲ್ಲಿ ಲಕ್ಷ ಕಡತಗಳ ರೆಪೊದೊಡನೆ ದುಡಿಯುವವರು ‘ಕೋರ್.ಎಫ್‌ಎಸ್‌ಮಾನಿಟರ್’ ಜೊತೆಗೆ ‘ಕೋರ್.ಅನ್‌ಟ್ರ್ಯಾಕ್ಡ್‌ಕ್ಯಾಶ್’ ಸೆಟ್ಟಿಂಗನ್ನೂ ಚಾಲೂ ಮಾಡಿಕೊಳ್ಳಬೇಕು. ಮೊದಲನೆಯದೊಂದೇ ಇದ್ದರೆ ಹೊಸ ಕಡತಗಳಿಗಾಗಿ ಡೈರೆಕ್ಟರಿಗಳನ್ನು ತಡಕುವ ಖರ್ಚು ಹಾಗೇ ಉಳಿಯುತ್ತದೆ. ನೆಟ್‌ವರ್ಕ್ ಡಿಸ್ಕಿನ ಮೇಲಿರುವ ರೆಪೊಗೆ ಇದನ್ನು ಬಳಸದಿರುವುದೇ ಸರಿ, ಗಿಟ್ ಕೂಡ ಪೂರ್ವನಿಗದಿಯಾಗಿ ಅಲ್ಲಿ ನಿರಾಕರಿಸುತ್ತದೆ. ಕೆಲವು ಸಾವಿರ ಕಡತಗಳಷ್ಟೇ ಇರುವ ರೆಪೊಗೆ ಡೀಮನ್ ಬೇಕಿಲ್ಲ.